ಡೋಣಿ ಸಾಲಿನಲ್ಲಿ, ರಾಶಿಗೆ ಮೊದಲು

ಮಂಗಳವಾರ, ಜನವರಿ 27. ವಿಜಯಪುರ, ಹಿಟ್ನಳ್ಳಿ

ಹಿಂಗಾರಿ ಜೋಳ ನೋಡಬೇಕೆಂದರೆ ಜನವರಿ ಕೊನೆಯ ವಾರದಲ್ಲಿ ವಿಜಯಪುರ ಜಿಲ್ಲೆಗೆ ಹೋಗಬೇಕು. ಮೊದಲೇ ಹೋದರೆ ತೆನೆ ಇನ್ನೂ ಹಸಿರು. ಹದಿನೈದು ದಿನ ತಡೆದು ಹೋದರೆ ಹೊಲದಲ್ಲಿ ಬರೀ ಕಣಕಿಯ ಸೂಡು, ಅಂದರೆ ಒಣಗಿದ ಜೋಳದ ದಂಟಿನ ಕಟ್ಟು. ನಾನು ಹಾವೇರಿ ಕಡೆಯವನು. ನಮ್ಮಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳವೇ. ಅಜ್ಜನ ಕಾಲಕ್ಕೆ ನಮ್ಮ ಹೊಲದಲ್ಲೂ ಬಿಳಿಜೋಳ ಬರುತ್ತಿತ್ತಂತೆ. ಇವತ್ತು ರೊಟ್ಟಿಗೆ ಬೇಕಾದ ಜೋಳವನ್ನು ಅಂಗಡಿಯಿಂದ ತರುತ್ತೇವೆ, ಅದು ವಿಜಾಪುರದ್ದು ಎಂದು ಅಂಗಡಿಯವನು ಹೇಳಿದರೆ ಬೆಲೆ ಕೇಳದೆ ಕೊಳ್ಳುತ್ತೇವೆ. ಆ ಜೋಳ ಚೀಲ ಸೇರುವ ಮೊದಲು ಹೊಲದಲ್ಲಿ ಏನೇನಾಗುತ್ತದೆ ಎಂದು ಕಣ್ಣಾರೆ ನೋಡುವ ಆಸೆ ಬಹಳ ದಿನದ್ದು. ಕಾಲೇಜಿನ ಗೆಳೆಯನೊಬ್ಬನ ಊರು ತಾಳಿಕೋಟೆಯ ಆಚೆ, ಡೋಣಿ ಹೊಳೆಯ ದಂಡೆಗುಂಟದ ಡೋಣಿ ಸಾಲಿನಲ್ಲಿದೆ. "ಕೀಳೂಕಿಂತ ಮೊದ್ಲ ಬಾ. ಒಮ್ಮೆ ಕೈ ಹಚ್ಚಿದ್ರ ಮಾತಾಡಾಕೂ ಯಾರಿಗೂ ಪುರಸೊತ್ತು ಇರೂದಿಲ್ಲ" ಎಂದು ಅವನೇ ಫೋನು ಮಾಡಿ ಕರೆದ.

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಕಡೆ ತಿರುಗುತ್ತಾರೆ. ನಾವು ಬೈಕು ಹತ್ತಿ ಹಿಟ್ನಳ್ಳಿಯ ಕಡೆ ಹೊರಟೆವು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಾಲೇಜು, ಸಂಶೋಧನಾ ಕೇಂದ್ರ ಎರಡೂ ಅಲ್ಲಿವೆ. ಒಣಬೇಸಾಯದ ಸಂಶೋಧನೆಗೆ ಬಿಜಾಪುರ ಹೊಸದಲ್ಲ. 1930ರ ದಶಕದಲ್ಲಿ ಸೊಲ್ಲಾಪುರ, ಹಗರಿ, ರಾಯಚೂರುಗಳ ಜೊತೆಗೆ ಇಲ್ಲೂ ಆ ಕೆಲಸ ಶುರುವಾಗಿತ್ತು. ಬರ ಬಿದ್ದಾಗ ಮೊದಲು ಸಾಯುತ್ತಿದ್ದ ಸೀಮೆ ಇದು, ಹಾಗಾಗಿ ಇಲ್ಲಿಂದಲೇ ಶುರುವಾದದ್ದು ಸರಿಯೇ.

ಇಲ್ಲಿಯ ಬೇಸಾಯದ ಗುಟ್ಟು ತಿಳಿಯಬೇಕಾದರೆ ಒಂದು ಮಾತನ್ನು ಮೊದಲು ಒಪ್ಪಿಕೊಳ್ಳಬೇಕು. ಹಿಂಗಾರಿ ಜೋಳ ಮಳೆಯ ಮೇಲೆ ಬೆಳೆಯುವುದಿಲ್ಲ, ಮಳೆ ಹೋದ ಮೇಲೆ ಬೆಳೆಯುತ್ತದೆ. ಉತ್ತರಿ, ಹಸ್ತ ಮಳೆಗಳ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ ಬಿತ್ತನೆ. ಆಮೇಲೆ ಒಂದು ಹನಿ ಬೀಳದಿದ್ದರೂ ನಾಲ್ಕು ತಿಂಗಳು ಬೆಳೆ ನಿಲ್ಲಬೇಕು. ನಿಲ್ಲಿಸುವುದು ಎರಿ ಭೂಮಿ. ಆಳದ ಕರಿ ಮಣ್ಣು ಮುಂಗಾರಿನಲ್ಲಿ ಕುಡಿದ ನೀರನ್ನು ಹಿಡಿದಿಟ್ಟು ಬೇರಿಗೆ ಇಷ್ಟಿಷ್ಟೇ ಕೊಡುತ್ತದೆ. ಆ ನೀರು ಹರಿದು ಹೋಗದಂತೆ ಜೂನ್, ಜುಲೈನಲ್ಲೇ ಹೊಲವನ್ನು ಸಣ್ಣ ಸಣ್ಣ ಚೌಕು ಮಡಿಗಳಾಗಿ ಕಟ್ಟಿ, ಬಿದ್ದ ಮಳೆ ಬಿದ್ದಲ್ಲೇ ಇಂಗುವಂತೆ ಮಾಡುವ ಪದ್ಧತಿಯನ್ನು ಇಲ್ಲಿಯ ವಿಜ್ಞಾನಿಗಳು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಬಿತ್ತುವ ಹೊತ್ತಿಗೆ ಮಡಿ ಒಡೆದು ಹೊಲ ಸಮ ಮಾಡುತ್ತಾರೆ.

ದಾರಿ ಬದಿಯ ಒಂದು ಹೊಲದ ಬದುವಿನ ಮೇಲೆ ಕುಳಿತು ಮಣ್ಣಿನ ಬಿರುಕಿನೊಳಗೆ ಕೈ ಇಳಿಸಿದೆ. ಮೊಣಕೈವರೆಗೆ ಹೋಯಿತು. ಮೇಲಿನ ಮಣ್ಣು ಬಿಸಿಲಿಗೆ ಕಾದಿತ್ತು, ಬೆರಳ ತುದಿಗೆ ಸಿಕ್ಕ ಮಣ್ಣು ಮಾತ್ರ ಇನ್ನೂ ತಣ್ಣಗಿತ್ತು. ಅಷ್ಟು ತಂಪು ಉಳಿದದ್ದಕ್ಕೇ ಮೇಲಿನ ತೆನೆ ತುಂಬಿತ್ತು. ಬಿರುಕು ಬಾಯಿಬಿಟ್ಟಷ್ಟೂ ಒಳಗಿನ ತೇವ ಹಾರುತ್ತದೆ, ಬೇರೂ ಹರಿಯುತ್ತದೆ. ಅದಕ್ಕೇ ಬೆಳೆ ಇನ್ನೂ ಎಳೆಯದಾಗಿದ್ದಾಗ ಎರಡು ಮೂರು ಸಲ ಎಡೆ ಹೊಡೆದು ಮೇಲ್ಮಣ್ಣನ್ನು ಸಡಿಲ ಮಾಡಿ ಬಿರುಕು ಮುಚ್ಚುತ್ತಾರೆ. ಆ ಹೊಲದಲ್ಲಿ ಕೊನೆಯ ಎಡೆ ತಪ್ಪಿತ್ತು ಎಂದು ಗೆಳೆಯ ಬಿರುಕು ನೋಡಿಯೇ ಹೇಳಿದ.

ಬುಧವಾರ. ಡೋಣಿ ಸಾಲು

ಡೋಣಿ ದೊಡ್ಡ ಹೊಳೆಯಲ್ಲ. ಮಹಾರಾಷ್ಟ್ರದ ಜತ್ತ ಬಳಿ ಹುಟ್ಟಿ, ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆ ಸೇರುತ್ತದೆ. ನೀರು ಸವಳು, ಬಾಯಿಗೆ ಹಾಕಲಾಗುವುದಿಲ್ಲ. ಈ ದಿನಗಳಲ್ಲಿ ಪಾತ್ರದ ತುಂಬ ಹೂಳು, ಜಾಲಿ. ಮಳೆಗಾಲದಲ್ಲಿ ಒಮ್ಮೆಲೇ ಉಕ್ಕಿ ತಾಳಿಕೋಟೆ ಹತ್ತಿರದ ಸೇತುವೆ ಮುಳುಗಿಸಿ ಎರಡೂ ದಂಡೆಯ ಊರುಗಳ ದಾರಿ ಕಡಿಯುತ್ತದೆ. ಇಂಥ ಹೊಳೆಯ ಬಗ್ಗೆ ಜನ 'ಡೋಣಿ ಬೆಳೆದರೆ ಓಣೆಲ್ಲ ಜೋಳ' ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕಾರಣ ನೀರಲ್ಲ, ಅದರ ದಂಡೆಗುಂಟ ಮೈಲಿಗಟ್ಟಲೆ ಹಾಸಿದ ಆಳದ ಎರಿ.

ಗೆಳೆಯನ ತಂದೆಯನ್ನು ನಾನು ಕಾಕಾ ಎನ್ನುತ್ತೇನೆ. ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಕರೆದುಕೊಂಡು ಹೋದರು. ಜೋಳ ನನ್ನ ತಲೆಗಿಂತ ಮೇಲಿತ್ತು. ಸಾಲಿನೊಳಗೆ ಹೊಕ್ಕರೆ ಆಚೆ ಇದ್ದವರು ಕಾಣುವುದಿಲ್ಲ, ಎಲೆ ಸರಿದಾಡುವ ಸಪ್ಪಳದ ಮೇಲೆ ಅವರ ಹಿಂದೆ ನಡೆಯಬೇಕು. ಇಬ್ಬನಿಯಿಂದ ಅಂಗಿ ತೊಯ್ದು ಮೈಗೆ ಅಂಟಿತು.

ತಳಿ ಮಾಲದಂಡಿ. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಊರಜೋಳದೊಳಗಿಂದ ಆಯ್ದು ತೆಗೆದ ಎಂ 35-1 ಎಂಬ ಈ ತಳಿ ಸ್ವಾತಂತ್ರ್ಯಕ್ಕಿಂತ ಹಿಂದಿನದು. ಆಮೇಲೆ ಎಷ್ಟೋ ಹೊಸ ತಳಿ ಬಂದವು, ವಿಜಯಪುರದ್ದೇ ಬಿಜೆವಿ-44 ಇದೆ, ಕೆಲವು ಇದಕ್ಕಿಂತ ಹೆಚ್ಚು ಇಳುವರಿಯನ್ನೂ ಕೊಡುತ್ತವೆ. ಆದರೂ ಮುತ್ತಿನಂಥ ಕಾಳು, ಬಿಳಿ ರೊಟ್ಟಿ, ಎತ್ತು ಬಿಡದೆ ತಿನ್ನುವ ಕಣಕಿ, ಈ ಮೂರೂ ಒಟ್ಟಿಗೆ ಸಿಗುವುದು ಇದರಲ್ಲೇ ಎಂದು ಕಾಕಾ ಬೀಜ ಬದಲಿಸಿಲ್ಲ. ಪ್ರತಿವರ್ಷ ರಾಶಿಗೆ ಮೊದಲು ಒಳ್ಳೆಯ ತೆನೆಗಳನ್ನು ಆರಿಸಿ ಬೇರೆ ಇಡುತ್ತಾರೆ.

ಕೀಳುವ ಹದ ಬಂತೋ ಇಲ್ಲವೋ ಎಂದು ನೋಡುವುದು ಹೇಗೆ ಎಂದು ಕೇಳಿದೆ. ಕಾಕಾ ಒಂದು ತೆನೆ ಬಗ್ಗಿಸಿ ಹಿಡಿದರು. ತುದಿ, ನಡು, ಬುಡ, ಮೂರೂ ಕಡೆಯಿಂದ ನಾಲ್ಕು ನಾಲ್ಕು ಕಾಳು ಉದುರಿಸಿ ಅಂಗೈ ಮೇಲೆ ಹರಡಿದರು. ತೆನೆ ಮೇಲಿನಿಂದ ಕೆಳಕ್ಕೆ ಹೂ ಬಿಡುತ್ತದೆ, ಮೇಲಿನಿಂದಲೇ ಬಲಿಯುತ್ತದೆ, ಆದ್ದರಿಂದ ತುದಿಯ ಕಾಳು ನೋಡಿ ಮೋಸ ಹೋಗಬಾರದು. ಒಂದು ಕಾಳನ್ನು ಮಗುಚಿ ಅದರ ಬುಡ ತೋರಿಸಿದರು. ತೊಟ್ಟಿಗೆ ಅಂಟಿಕೊಂಡಿದ್ದ ಜಾಗದಲ್ಲಿ ಸಾಸಿವೆಗಿಂತ ಸಣ್ಣ ಕರಿ ಚುಕ್ಕೆ. ಆ ಚುಕ್ಕೆ ಮೂಡಿತೆಂದರೆ ಗಿಡದಿಂದ ಕಾಳಿಗೆ ಬರುವ ಊಟ ನಿಂತಿತು ಎಂದರ್ಥ, ಇನ್ನು ತೂಕ ಏರುವುದಿಲ್ಲ. ಬುಡದ ಕಾಳಿನಲ್ಲಿ ಚುಕ್ಕೆ ಇನ್ನೂ ಕಂದು ಬಣ್ಣದಲ್ಲಿತ್ತು. ಕಾಕಾ ಅದನ್ನೇ ಬಾಯಿಗೆ ಹಾಕಿ ಕಚ್ಚಿದರು.

"ಇನ್ನಾ ಮೆತ್ತಗ ಐತಿ, ತಮ್ಮಾ. ಕಟ್ ಅನಬೇಕು. ಇನ್ನೊಂದು ವಾರ ಬಿಸಲು ಹೊಡೀಲಿ."

ಚುಕ್ಕೆ ಮೂಡಿದ ಕೂಡಲೇ ಕಿತ್ತರೂ ಆದೀತು, ಆದರೆ ಆಗ ಕಾಳಿನಲ್ಲಿ ನೂರಕ್ಕೆ ಇಪ್ಪತ್ತೈದಕ್ಕೂ ಮೇಲೆ ನೀರಿರುತ್ತದೆ. ಚೀಲಕ್ಕೆ ತುಂಬುವಾಗ ಅದು 12ಕ್ಕೆ ಇಳಿದಿರಬೇಕು, ಇಲ್ಲದಿದ್ದರೆ ಕಾವು ಹುಟ್ಟಿ ಬೂಸಲು ಬರುತ್ತದೆ, ಹುಳ ಹತ್ತುತ್ತದೆ. ಹಾಗೆಂದು ಬಹಳ ಕಾಯ್ದರೆ ಹಕ್ಕಿಯ ಪಾಲು ಹೆಚ್ಚುತ್ತದೆ, ಗಾಳಿಗೆ ದಂಟು ಮಲಗುತ್ತದೆ, ಅಕಾಲದ ಮಳೆ ಬಿದ್ದರೆ ಬಿಳಿ ಕಾಳು ಕಪ್ಪಾಗುತ್ತದೆ. ಕಪ್ಪಾದ ಜೋಳವನ್ನು ವ್ಯಾಪಾರಿ ಕೈಯಲ್ಲಿ ಹಿಡಿದು ನೋಡಿಯೇ ಬೆಲೆ ಮುರಿಯುತ್ತಾನೆ. ಈ ಎರಡು ಭಯಗಳ ನಡುವೆ ರೈತನಿಗೆ ಸಿಗುವುದು ಎಂಟು ಹತ್ತು ದಿನ. ಊರ ತುಂಬ ಅದೇ ಎಂಟು ಹತ್ತು ದಿನ, ಎಲ್ಲರಿಗೂ ಆಳು ಬೇಕು. ಇಡೀ ಪ್ರವಾಸದಲ್ಲಿ ನಾನು ಕೇಳಿದ ಎಲ್ಲ ಚಿಂತೆಗಳ ಗಂಟು ಇಲ್ಲಿಯೇ ಇತ್ತು.

ಹೊಲದ ಮೂಡಣ ತುದಿಯಲ್ಲಿ ನೆಲ ಸ್ವಲ್ಪ ಏರಿ ದಿಬ್ಬವಾಗಿದೆ. ಅಲ್ಲಿ ಮಣ್ಣಿನ ಆಳ ಕಡಿಮೆ, ಕೆಳಗೆ ಗರಸು. ಅಲ್ಲಿಗೆ ಹೋಗುವಷ್ಟರಲ್ಲಿ ಕಾಕಾನ ನಡಿಗೆ ನಿಧಾನವಾಯಿತು. ಸುಮಾರು ದಂಟುಗಳು ಬುಡದ ಹತ್ತಿರ ಮುರಿದು ಒಂದರ ಮೇಲೊಂದು ಬಿದ್ದಿದ್ದವು. ಒಂದು ದಂಟನ್ನು ಅವರು ಉದ್ದಕ್ಕೆ ಸೀಳಿದರು. ಬೆಳ್ಳಗೆ ತುಂಬಿಕೊಂಡಿರಬೇಕಾದ ಬೆಂಡು ಕರಗಿ ಬರೀ ನಾರು ಉಳಿದಿತ್ತು, ನಾರಿನ ಮೇಲೆ ಇದ್ದಲಿ ಪುಡಿ ಉದುರಿಸಿದಂತೆ ಕರಿ ಕಣಗಳು. ಕಾಂಡಕೊಳೆ ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ಯಾವಾಗಲೂ ಇರುತ್ತದೆ. ಹೂ ಬಿಟ್ಟ ಮೇಲೆ ತೇವ ಕಡಿಮೆಯಾಗಿ ಗಿಡ ಬಳಲಿದಾಗ ಒಳಗೆ ಹೊಗುತ್ತದೆ. ಕಾಳು ತುಂಬುವ ಆತುರದಲ್ಲಿ ಗಿಡ ತನ್ನ ದಂಟಿನಲ್ಲಿದ್ದುದನ್ನೆಲ್ಲ ತೆನೆಗೆ ಸಾಗಿಸುತ್ತದೆ, ಬರಿದಾದ ದಂಟನ್ನು ಕೊಳೆ ತಿನ್ನುತ್ತದೆ. ಈ ಹಂತದಲ್ಲಿ ಔಷಧವಿಲ್ಲ. ಬಿದ್ದ ಜೋಳವನ್ನು ಮೊದಲು ಕಿತ್ತು, ತೆನೆ ನೆಲಕ್ಕೆ ತಾಗಿ ಕೆಡುವ ಮೊದಲೇ ಎತ್ತಿಕೊಳ್ಳುವುದೊಂದೇ ದಾರಿ.

"ದಿಬ್ಬಕ್ಕ ಮೊದ್ಲ ಕೈ ಹಚ್ಚಬೇಕು" ಎಂದರು ಕಾಕಾ. "ತಗ್ಗಿನ ಜ್ವಾಳ ನಿಂತೀತು, ಗಟ್ಟಿ ಐತಿ."

ಮಧ್ಯಾಹ್ನ ಬದುವಿನ ಮೇಲೆ ಊಟ. ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ, ಮೊಸರು. ಡಿಸೆಂಬರ್ 19ರ ಎಳ್ಳಮವಾಸ್ಯೆಗೆ ಇದೇ ಬದುವಿನ ಮೇಲೆ ಮನೆಮಂದಿಯೆಲ್ಲ ಕುಳಿತು ಪೂಜೆ ಮಾಡಿ, ಬೆಳೆಗೆ ಚರಗ ಚೆಲ್ಲಿದ್ದರು. ಆಗ ತೆನೆ ಹೂವಿನಲ್ಲಿತ್ತು. ಬಸುರಿ ಭೂತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬವದು. ಕಾಕಾನ ಹೆಂಡತಿ, ಕಾಕು, ಆ ದಿನದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಸುದ್ದಿ ಹೇಳುತ್ತ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದರು.

ತಾಳಿಕೋಟೆ ಎಂದರೆ ಹೊರಗಿನವರಿಗೆ 1565ರ ಯುದ್ಧವೇ ನೆನಪಾಗುವುದು. ಅದು ನಡೆದದ್ದೂ ಜನವರಿಯಲ್ಲೇ. ಅಷ್ಟು ದಂಡು, ಅಷ್ಟು ಕುದುರೆ, ಆನೆ ಈ ಸೀಮೆಯಲ್ಲಿ ಬೀಡುಬಿಟ್ಟಾಗ ಹೊಲದಲ್ಲಿ ನಿಂತಿದ್ದ ಹಿಂಗಾರಿ ಬೆಳೆ ಏನಾಗಿರಬೇಕು ಎಂದು ಆ ಬದುವಿನ ಮೇಲೆ ಕುಳಿತು ಬಹಳ ಹೊತ್ತು ಯೋಚಿಸಿದೆ.

ಗುರುವಾರ. ಕಡಲೆ ಹೊಲ, ತಾಳಿಕೋಟೆ ಪೇಟೆ

ನಸುಕಿನ ಐದಕ್ಕೆ ಪಕ್ಕದ ಹೊಲದಲ್ಲಿ ಕಡಲೆ ಕೀಳುವ ಹೆಂಗಸರು ಆಗಲೇ ಸಾಲು ಹಿಡಿದಿದ್ದರು. ಬಿಸಿಲೇರಿದರೆ ಕಾಯಿ ಸಿಡಿದು ಕಾಳು ಉದುರುತ್ತದೆ, ಒಣಗಿದ ಗಿಡ ಕೈಗೆ ಚುಚ್ಚುತ್ತದೆ. ಮಂಜಿನಲ್ಲಿ ಗಿಡ ಮೆತ್ತಗಿರುತ್ತದೆ, ಆದರೆ ಆ ಮಂಜಿನ ಜೊತೆ ಕಡಲೆಯ ಹುಳಿ ಸೇರಿ ಬೆರಳ ಸಂದಿ ಬಿರಿಯುತ್ತದೆ. ಒಬ್ಬ ಆಯಿ ತನ್ನ ಅಂಗೈ ತೋರಿಸಿದಳು. ಗೆರೆಗಳೆಲ್ಲ ಒಡೆದು ಕರಿ ಮಣ್ಣು ತುಂಬಿತ್ತು. ಕಡಲೆ ಮುಗಿದ ಮೇಲೆ ಇವರೇ ಕುಸುಬಿಗೆ ಹೋಗಬೇಕು. ದನ ಒಳಹೊಗದಂತೆ ಜೋಳದ ಸುತ್ತ ಬಿತ್ತಿದ ಮುಳ್ಳಿನ ಕುಸುಬಿಯನ್ನು ಕೈಗೆ ಬಟ್ಟೆ ಸುತ್ತಿಕೊಂಡು ಕೊಯ್ಯುತ್ತಾರೆ. ಅದಾದ ಮೇಲೆ ಜೋಳ.

ಎತ್ತರಕ್ಕೆ ಬೆಳೆಯುವ ಕಡಲೆ ತಳಿಗಳು ಬಂದ ಮೇಲೆ ಕೆಲವರು ಕಡಲೆಗೆ ಕೊಯ್ಲಿನ ಯಂತ್ರ ತರಿಸುತ್ತಾರೆ. ಒಂದು ಹೊಲ ಒಂದೆರಡು ತಾಸಿನಲ್ಲಿ ಮುಗಿಯುತ್ತದೆ. ಜೋಳ ಬಿಟ್ಟು ಕಡಲೆಗೆ ಹೋದವರಿಗೆ ಇದೂ ಒಂದು ಕಾರಣ.

ಆಮೇಲೆ ತಾಳಿಕೋಟೆ ಪೇಟೆ. ರಾಶಿಗೆ ಬೇಕಾದ ಸಾಮಾನಿನ ಪಟ್ಟಿ ಕಾಕಾನ ತಲೆಯಲ್ಲೇ ಇತ್ತು. ತಾಡಪತ್ರಿ, ಗೋಣಿಚೀಲ, ಸೂಡು ಕಟ್ಟಲು ಹಗ್ಗ, ಬಾಯಿ ಹೊಲಿಯಲು ಸುತಳಿ, ದಬ್ಬಣ. ಹಳೆಯ ಕುಡಗೋಲುಗಳನ್ನು ಕಮ್ಮಾರನ ಕುಲುಮೆಗೆ ಕೊಟ್ಟೆವು. ಹಲ್ಲು ಸವೆದ ಕುಡಗೋಲನ್ನು ಅವನು ಕೆಂಪಗೆ ಕಾಯಿಸಿ, ಉಳಿಯಿಂದ ಒಂದೊಂದೇ ಹಲ್ಲು ಹೊಡೆದ. ತೆನೆ ಕೊಯ್ಯುವ ಕುಡಗೋಲು ಸಣ್ಣದಿರಬೇಕು, ಹಗುರಿರಬೇಕು, ಏಕೆಂದರೆ ದಿನವಿಡೀ ಹಿಡಿಯುವುದು ಹೆಂಗಸರ ಕೈ. ಕುಲುಮೆಯ ಮುಂದೆ ಸರದಿಯಲ್ಲಿ ಕುಳಿತವರೆಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ನಿಮ್ಮ ಊರಾಗ ಆಳು ಸಿಗತಾವೇನು?

ಶುಕ್ರವಾರ. ಕಣ

ಇವತ್ತು ಕಣ ಮಾಡುವ ಕೆಲಸ. ಎಲ್ಲೆಂದರಲ್ಲಿ ಕಣ ಹಾಕಲಾಗುವುದಿಲ್ಲ. ನೆಲ ಗಟ್ಟಿ ಇರಬೇಕು, ತುಸು ಎತ್ತರ ಇರಬೇಕು, ಟ್ರ್ಯಾಕ್ಟರ್ ಬಂದು ತಿರುಗಲು ದಾರಿ ಬೇಕು, ಗಾಳಿ ಅಡ್ಡಿಯಿಲ್ಲದೆ ಹಾಯಬೇಕು. ಕಾಕಾ ವರ್ಷವೂ ಬೇವಿನ ಮರದ ಪಡುವಣ ದಿಕ್ಕಿನ ಜಾಗವನ್ನೇ ಹಿಡಿಯುತ್ತಾರೆ. ಕೂಳೆ ಕಿತ್ತು, ಹೆಂಟೆ ಒಡೆದು, ನೀರು ಹೊಡೆದು, ಹೊಟ್ಟು ಚೆಲ್ಲಿ ಎತ್ತುಗಳನ್ನು ಸುತ್ತ ತಿರುಗಿಸಿದೆವು. ಎತ್ತಿನ ಗೊರಸು ಬಿದ್ದಷ್ಟೂ ನೆಲ ಬಿಗಿಯಾಯಿತು. ಹೊತ್ತು ಇಳಿದ ಮೇಲೆ ಕಾಕು ಮತ್ತು ಸೊಸೆ ಸಗಣಿ ಸಾರಿಸಿದರು. ತಾಡಪತ್ರಿ ಇದ್ದ ಮೇಲೆ ಇದೆಲ್ಲ ಏಕೆ ಎಂದು ಕೇಳಿದೆ. ಕೆಳಗಿನ ನೆಲ ಬಿರುಕು ಬಿಟ್ಟಿದ್ದರೆ ತಾಡಪತ್ರಿ ಹರಿದಲ್ಲೆಲ್ಲ ಕಾಳು ಬಿರುಕಿನೊಳಗೆ ಇಳಿದು ಹೋಗುತ್ತದೆ ಎಂದು ಕಾಕು ಕೈ ನಿಲ್ಲಿಸದೆ ಹೇಳಿದರು.

ಗೆಳೆಯನ ಅಜ್ಜ, ಮುತ್ಯಾ, ಬೇವಿನ ಬುಡಕ್ಕೆ ಕುಳಿತು ನೋಡುತ್ತಿದ್ದರು. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ತೆನೆ ತುಳಿಸಿ ಹಂತಿ ಹೊಡೆದ ಕಾಲ ಅವರದು. ಬೆಳದಿಂಗಳಿನಲ್ಲಿ ರಾತ್ರಿಯಿಡೀ ಹಂತಿ ಸುತ್ತುತ್ತಿತ್ತು, ನಿದ್ದೆ ಬರದಿರಲೆಂದು ಒಬ್ಬ ಹಂತಿಯ ಪದ ಎತ್ತಿದರೆ ಉಳಿದವರು ಸೊಲ್ಲು ಕೂಡಿಸುತ್ತಿದ್ದರು. ಕಣದೊಳಗೆ ಚಪ್ಪಲಿ ಹಾಕುವಂತಿರಲಿಲ್ಲ. ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ 'ಲಾಭ' ಎಂದೇ ಎಣಿಕೆ ಶುರು. ಬಡಿಗ, ಕಮ್ಮಾರ, ಕುಂಬಾರ, ಅಗಸ, ಎಲ್ಲರೂ ತಮ್ಮ ಆಯ ಪಡೆದು ಹೋದ ಮೇಲೆ ಉಳಿದದ್ದು ಮನೆಗೆ. ಎರಡು ಪದ ಹೇಳಿ ಎಂದು ಕೇಳಿದೆ. ಉಸಿರು ಸಾಲದೆಂದು ಮೊದಲು ಬೇಡ ಎಂದವರು, ಆಮೇಲೆ ತಾವೇ ಒಂದು ಸೊಲ್ಲು ಎತ್ತಿದರು. ಎತ್ತು ತಿರುಗಿಸುತ್ತಿದ್ದ ಕಾಕಾ ನಿಂತಲ್ಲಿಂದಲೇ ದನಿಗೂಡಿಸಿದರು.

ಈಗ ರಾಶಿ ಮಷೀನು. ಟ್ರ್ಯಾಕ್ಟರಿಗೆ ಜೋಡಿಸಿ ತೆನೆ ಸುರಿದರೆ ಒಂದು ಕಡೆ ಕಾಳು, ಇನ್ನೊಂದು ಕಡೆ ಹೊಟ್ಟು. ಒಂದು ದಿನದ ಹಂತಿಯ ಕೆಲಸ ಒಂದು ತಾಸಿಗೂ ಬರುವುದಿಲ್ಲ. ಬಾಡಿಗೆ ಚೀಲದ ಲೆಕ್ಕ. ಆದರೆ ಮಷೀನು ಬರುವುದು ತೆನೆ ಕಣಕ್ಕೆ ಬಂದ ಮೇಲೆ. ಅದಕ್ಕೂ ಹಿಂದಿನ ಕೆಲಸವೆಲ್ಲ ಇನ್ನೂ ಕೈಯದೇ. ಜೋಳವನ್ನು ಇಲ್ಲಿ ಕೊಯ್ಯುವುದಕ್ಕಿಂತ ಬೇರುಸಹಿತ ಕೀಳುವುದೇ ಹೆಚ್ಚು. ಎರಡೂ ಕೈಯಲ್ಲಿ ದಂಟು ಹಿಡಿದು, ಮೊಣಕಾಲು ಬಗ್ಗಿಸಿ, ಸೊಂಟದ ಬಲ ಹಾಕಿ ಎಳೆಯಬೇಕು. ಬೇರಿನ ಮಣ್ಣು ಕಾಲಿಗೆ ಬಡಿದು ಕೊಡವಿ ಸಾಲಾಗಿ ಮಲಗಿಸಬೇಕು. ಮೂರು ನಾಲ್ಕು ದಿನ ಬಿಸಿಲು ಕಂಡ ಮೇಲೆ ಹೆಂಗಸರು ಕುಳಿತು ತೆನೆ ಕೊಯ್ಯುತ್ತಾರೆ, ಗಂಡಸರು ಕಣಕಿಯ ಸೂಡು ಕಟ್ಟಿ ಬಣವೆ ಒಟ್ಟುತ್ತಾರೆ. ಜೋಳದ ದೂಳು ಮೈಗೆ ಹತ್ತಿದರೆ ಆ ತುರಿಕೆ ರಾತ್ರಿ ಮಲಗಲು ಬಿಡುವುದಿಲ್ಲ. ಅದಕ್ಕೇ ಸೀರೆಯ ಮೇಲೆ ಗಂಡನ ತುಂಬು ತೋಳಿನ ಅಂಗಿ ತೊಟ್ಟು, ತಲೆ ಮೋರೆಗೆ ಬಟ್ಟೆ ಬಿಗಿದುಕೊಳ್ಳುತ್ತಾರೆ.

ಜೋಳಕ್ಕೆ ದೊಡ್ಡ ಕೊಯ್ಲಿನ ಯಂತ್ರ ಏಕೆ ಬರಲಿಲ್ಲ ಎಂದು ಪೇಟೆಯವರು ಕೇಳುತ್ತಾರೆ. ಮಾಲದಂಡಿ ಆಳೆತ್ತರಕ್ಕೂ ಮೇಲೆ ಬೆಳೆಯುತ್ತದೆ, ಅಲ್ಲಲ್ಲಿ ಮಲಗಿರುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಂತ್ರ ದಂಟನ್ನು ನುರಿಸಿ ಚೆಲ್ಲಿದರೆ ಕಣಕಿ ಹೋಯಿತು. ಹುಲ್ಲುಗಾವಲಿಲ್ಲದ ಈ ಸೀಮೆಯಲ್ಲಿ ಬೇಸಿಗೆಯ ಎತ್ತು, ಎಮ್ಮೆ ಬದುಕುವುದು ಕಣಕಿಯ ಮೇಲೆ. ಜೋಳದ ಲೆಕ್ಕವನ್ನು ಕಾಳಿನ ಕ್ವಿಂಟಲಿನಲ್ಲಷ್ಟೇ ಹಾಕುವವರು ಅರ್ಧ ಬೆಳೆಯನ್ನು ಲೆಕ್ಕದಿಂದ ಬಿಟ್ಟಂತೆಯೇ. ದಂಟು ನುರಿಸದೆ, ಬೇರು ಬಿಡಿಸಿ, ಸಾಲಾಗಿ ಮಲಗಿಸುವ ಸಣ್ಣ ಯಂತ್ರವೊಂದು ರೈತನ ಕೈಗೆಟುಕುವ ಬೆಲೆಗೆ ಬರಬೇಕು. ಹೊಸ ತಳಿ ಹುಡುಕುವಷ್ಟೇ ಶ್ರದ್ಧೆಯಿಂದ ಇದನ್ನೂ ಹುಡುಕಬೇಕು ಎಂದು ನನಗೆ ಗಟ್ಟಿಯಾಗಿ ಅನಿಸಿದೆ.

ರಾತ್ರಿ ಕಾಕಾ ಆಳಿನ ಸಲುವಾಗಿ ಓಣಿ ಓಣಿ ತಿರುಗಿದರು, ನಾನೂ ಹಿಂದೆ ಹೋದೆ. ವಯಸ್ಸಿನ ಹುಡುಗರು ಗೋವಾ, ಪುಣೆ, ಬೆಂಗಳೂರು ಸೇರಿದ್ದಾರೆ. ಊರಲ್ಲಿದ್ದವರು ಕಡಲೆ ಗುತ್ತಿಗೆ ಹಿಡಿದಿದ್ದಾರೆ. ಮೊದಲು ಮುಯ್ಯಾಳು ಇತ್ತು, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಎಲ್ಲರ ಮನೆಯಲ್ಲೂ ನಾಲ್ಕು ನಾಲ್ಕು ಕೈಗಳಿದ್ದಾಗ ಅದು ನಡೆಯುತ್ತಿತ್ತು. ತಾಂಡಾದ ಒಬ್ಬ ಮೇಸ್ತ್ರಿ ರವಿವಾರ ಹೇಳುತ್ತೇನೆ ಎಂದ. ಕಾಕಾ ಅಲ್ಲಿಗೆ ಬಿಡಲಿಲ್ಲ, ಮುಂಗಡದ ಮಾತೂ ಆಡಿದರು.

ವಾಪಸು ಬರುವಾಗ ಮುತ್ಯಾನ ಹಳೆಯ ಮನೆಯ ಮುಂದೆ ದುಂಡನೆಯ ಹಾಸುಗಲ್ಲೊಂದನ್ನು ಗೆಳೆಯ ತೋರಿಸಿದ. ಕೆಳಗೆ ಹಗೇವು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು, ಒಳಗೆ ಹೊಟ್ಟೆ ಅಗಲ. ಸುತ್ತ ಹುಲ್ಲು, ಹೊಟ್ಟು ಒತ್ತಿ ಜೋಳ ಸುರಿದು, ಮೇಲೆ ಕಲ್ಲಿಟ್ಟು ಮಣ್ಣು ಮುಚ್ಚಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಆಮ್ಲಜನಕವನ್ನು ಕಾಳೇ ಉಸಿರಾಡಿ ತೀರಿಸುವುದರಿಂದ ಹುಳ ಬದುಕುವುದಿಲ್ಲ. ಅದೇ ಕಾರಣಕ್ಕೆ ಹಗೇವು ತೆರೆದ ಕೂಡಲೇ ಮನುಷ್ಯನೂ ಇಳಿಯಬಾರದು. ಒಂದು ದಿನ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಅವಸರ ಮಾಡಿ ಜೀವ ಕಳೆದುಕೊಂಡವರ ಕಥೆ ಈ ಸೀಮೆಯ ಊರೂರಲ್ಲೂ ಇದೆ. ಡೋಣಿ ಸಾಲಿನ ಹಗೇವುಗಳಲ್ಲಿ ಈಗ ಬಹುತೇಕ ಬರಿದಾಗಿ, ಕೆಲವು ಮುಚ್ಚಿಯೇ ಹೋಗಿವೆ. ಜೋಳ ಚೀಲದಲ್ಲಿ, ತಗಡಿನ ಡಬ್ಬಿಯಲ್ಲಿ ಇರುತ್ತದೆ.

ಶನಿ‌ವಾರ. ಇಂಡಿ ತಾಲ್ಲೂಕು, ಭೀಮಾ ದಂಡೆ

ಬೆಳಗ್ಗೆಯೆಲ್ಲ ಬಸ್ಸಿನಲ್ಲೇ ಹೋಯಿತು. ಇಂಡಿ ದಾಟಿದ ಮೇಲೆ ದಾರಿಯ ಎರಡೂ ಕಡೆ ನಿಂಬೆ ತೋಟ, ಕಬ್ಬು, ನಡುನಡುವೆ ಜೋಳ. ಇಲ್ಲಿಯ ಜೋಳ ಡೋಣಿ ಸಾಲಿನದಕ್ಕಿಂತ ಬಹಳ ಹಿಂದಿತ್ತು. 2025ರ ಸೆಪ್ಟೆಂಬರ್ ಕೊನೆಯಲ್ಲಿ ಭೀಮಾ ಉಕ್ಕಿ ದಂಡೆಯ ಹೊಲಗಳು ನೀರಲ್ಲಿ ನಿಂತಿದ್ದವು. ನೀರಿಳಿದು, ಕೂರಿಗೆ ಹೋಗುವಷ್ಟು ಹದ ಬರುವ ಹೊತ್ತಿಗೆ ಚಿತ್ತಿ ಮಳೆಯೂ ಮುಗಿಯುತ್ತ ಬಂದಿತ್ತು. ಆಗ ಬಿತ್ತಿದ್ದು ಈಗ ಹಾಲುಗಾಳಿನಲ್ಲಿದೆ.

ಹಾಲುಗಾಳು ಎಂದರೆ ಸೀತನಿ. ಗೆಳೆಯನ ಅಕ್ಕನ ಮನೆ ಇಲ್ಲಿಯೇ. ಹೊಲದಲ್ಲಿ ಸಣ್ಣ ತಗ್ಗು ತೋಡಿ ಕುಳ್ಳು ಹೊತ್ತಿಸಿ, ಕೆಂಡವಾದ ಮೇಲೆ ತೆನೆಗಳನ್ನು ಹುಗಿದರು. ಹದ ಬಂದ ತೆನೆಯನ್ನು ಬಿಸಿಯಿರುವಾಗಲೇ ಎರಡು ಅಂಗೈ ನಡುವೆ ಹೊಸಕಿದರೆ ಹಸಿರು ಕಾಳು ಸಿಪ್ಪೆ ಬಿಟ್ಟು ಉದುರುತ್ತದೆ. ಶೇಂಗಾ ಹಿಂಡಿ, ಬೆಲ್ಲ, ಕೆನೆಮೊಸರು. ಈ ಹದ ಒಂದು ವಾರಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಸಂತೆಯಲ್ಲಿ ಕೊಂಡು ತಿನ್ನುವ ತಿನಿಸಲ್ಲ ಇದು, ಹೊಲದವರು ಕರೆದರೆ ಹೋಗಿ ಬದುವಿನ ಮೇಲೆ ಕುಳಿತೇ ತಿನ್ನಬೇಕು.

ಅಕ್ಕ ಬಡಿಸುತ್ತಲೇ ಹೇಳಿದಳು, "ತಿನ್ನಾಕ ಚಂದ ಐತಿ ಖರೆ, ತಮ್ಮಾ. ಆದ್ರ ಈ ಹೊತ್ತಿಗೆ ಇದು ಸೀತನಿ ಆಗಿರಬಾರದಾಗಿತ್ತು." ಫೆಬ್ರವರಿ ನಡುವಿನ ಹೊತ್ತಿಗೆ ಬಿಸಿಲು ಏರುತ್ತದೆ, ನೆಲದ ತೇವ ತೀರುತ್ತದೆ. ತಡವಾದ ಬೆಳೆ ಕಾಳು ತುಂಬುವಾಗಲೇ ಬಾಯಾರುತ್ತದೆ, ಕಾಳು ಸೊರಗುತ್ತದೆ. ಪ್ರವಾಹ ಬಂದ ವರ್ಷವೇ ತೇವಕ್ಕೆ ಬಾಯಿಬಿಡುವ ಬೆಳೆ. ಪರಿಹಾರದ ಪಟ್ಟಿಯಲ್ಲಿ ಸೆಪ್ಟೆಂಬರಿನಲ್ಲಿ ಕೊಚ್ಚಿಹೋದ ಬೆಳೆಗೆ ಜಾಗವಿರುತ್ತದೆ, ತಡವಾಗಿ ಬಿತ್ತಿ ಫೆಬ್ರವರಿಯಲ್ಲಿ ಸೊರಗಿದ ಕಾಳಿಗೆ ಇರುವುದಿಲ್ಲ.

ಹಕ್ಕಿಗಳೂ ಇಲ್ಲಿಯೇ ಸೇರಿದ್ದವು. ಹೊಲದ ನಡುವಿನ ಅಟ್ಟದ ಮೇಲೆ ನಿಂತು ಶಾಲೆಯಿಂದ ಬಂದ ಹುಡುಗ ಕವಣೆ ಬೀಸುತ್ತಿದ್ದ. ಗುಬ್ಬಿ, ಗಿಣಿಗಳ ಜೊತೆಗೆ ನೂರಾರು ಗುಲಾಬಿ ಕಬ್ಬಕ್ಕಿ. ದೂರದ ಮಧ್ಯ ಏಷ್ಯಾದ ಕಡೆಯಿಂದ ಚಳಿಗಾಲಕ್ಕೆ ಬರುವ ಈ ಹಕ್ಕಿಗಳು ಹುಳ ತಿಂದು ಉಪಕಾರವನ್ನೂ ಮಾಡುತ್ತವೆ, ಹಾಲುಗಾಳು ತಿಂದು ನಷ್ಟವನ್ನೂ ಮಾಡುತ್ತವೆ. ಹುಡುಗ ಕಲ್ಲಿಲ್ಲದೆಯೇ ಕವಣೆಯ ತುದಿ ಝಾಡಿಸಿ ಚಟ್ ಎನಿಸುತ್ತಿದ್ದ, ಹಿಂಡು ಎದ್ದು ಮುಂದಿನ ಹೊಲಕ್ಕೆ ಹೋಗುತ್ತಿತ್ತು. ಅಲ್ಲಿಂದ ಇನ್ನೊಬ್ಬ ಕೂಗು ಹಾಕುತ್ತಿದ್ದ.

ರವಿವಾರ, ಫೆಬ್ರವರಿ 1. ಮಂಗಳವೇಢೆ

ಭಾರತ ಹುಣ್ಣಿಮೆ. ಗಡಿ ದಾಟಿ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಗೆ ಹೋದೆವು. ಕಲಚುರಿ ಬಿಜ್ಜಳನ, ಬಸವಣ್ಣನವರ ಚರಿತ್ರೆಯಲ್ಲಿ ಬರುವ ಮಂಗಳವಾಡ ಇದೇ. ಮಣ್ಣು ನಮ್ಮ ಎರಿಯದೇ ಮುಂದುವರಿಕೆ, ತಳಿಯೂ ಮಾಲದಂಡಿಯೇ. ಇಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಡೋಣಿ ಸಾಲಿನ ಜೋಳಕ್ಕೂ ಅಂಥದೊಂದು ಹೆಸರು ಬೇಕೆಂದು ಕೇಳುವ ಹಕ್ಕು ನಮಗಿದೆ.

ಊರಲ್ಲಿ ದಾಮಾಜಿಪಂತರ ಗುಡಿ ಇದೆ. ಬೀದರಿನ ಬಹಮನಿ ಸುಲ್ತಾನನ ಅಧಿಕಾರಿಯಾಗಿದ್ದ ದಾಮಾಜಿ ಭೀಕರ ಬರದಲ್ಲಿ ಸರಕಾರದ ಕಣಜ ತೆರೆದು ಹಸಿದವರಿಗೆ ಹಂಚಿದರಂತೆ. ಸುಲ್ತಾನ ಹಿಡಿತರಿಸಲು ಆಳು ಕಳಿಸಿದಾಗ, ಪಂಢರಪುರದ ವಿಠ್ಠಲನೇ ವೇಷ ಮರೆಸಿಕೊಂಡು ಬೀದರಿಗೆ ಹೋಗಿ ಆ ಧಾನ್ಯದ ಹಣ ಕಟ್ಟಿ ಬಂದನೆಂದು ಭಕ್ತರ ನಂಬಿಕೆ. ಗುಡಿಯಲ್ಲಿ ನಮ್ಮ ಪಕ್ಕ ನಿಂತ ಅಜ್ಜ ಈ ಕಥೆಯನ್ನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿದರು. ಜೋಳವೇ ಕಥೆಯ ನಡುವೆ ಇರುವ ಇಂಥ ಗುಡಿ ನಾನು ಬೇರೆಲ್ಲೂ ನೋಡಿಲ್ಲ.

ಬಸ್ಸಿಗೆ ಕಾಯುತ್ತ ಬೆಲೆಯ ಮಾತು ಬಂತು. 2025-26ಕ್ಕೆ ಕೇಂದ್ರ ಸರಕಾರ ಮಾಲದಂಡಿಗೆ ಕ್ವಿಂಟಲಿಗೆ 3,749 ರೂಪಾಯಿ ಬೆಂಬಲ ಬೆಲೆ ಕಟ್ಟಿದೆ, ಹೈಬ್ರಿಡ್ ಜೋಳಕ್ಕೆ 3,699. ನಡುವಿನ ಅಂತರ 50 ರೂಪಾಯಿ. ಕಡಲೆಗೆ 5,875, ತೊಗರಿಗೆ 8,000. ಕೈಯಿಂದ ಕಿತ್ತು, ತೆನೆ ಕೊಯ್ದು, ಸೂಡು ಕಟ್ಟಿ ಬೆಳೆದ ರೊಟ್ಟಿಜೋಳಕ್ಕೆ ಹೈಬ್ರಿಡ್‌ಗಿಂತ 50 ರೂಪಾಯಿ ಮಾತ್ರ ಹೆಚ್ಚು ಎಂದರೆ ಅದು ಆ ಕೆಲಸವನ್ನು ನೋಡದವರು ಹಾಕಿದ ಲೆಕ್ಕ. ಮುಂದಿನ ವರ್ಷ ಕಾಕಾ ಅರ್ಧ ಹೊಲಕ್ಕೆ ಕಡಲೆ ಹಾಕಿದರೆ ನಾನು ಅವರನ್ನು ತಪ್ಪು ಎನ್ನಲಾರೆ, ಆದರೆ ಹಾಗಾಗಬಾರದೆಂದು ಮನಸಾರೆ ಬಯಸುತ್ತೇನೆ.

ವಿಜಯಪುರ ಇನ್ನೂ ಅರ್ಧ ದಾರಿಯಿರುವಾಗ ಗೆಳೆಯನಿಗೆ ಕಾಕಾನ ಫೋನು ಬಂತು. ಸ್ಪೀಕರಿಗೆ ಹಾಕಿದ. ತಾಂಡಾದ ಮೇಸ್ತ್ರಿ ಒಪ್ಪಿದ್ದಾನೆ, ಹನ್ನೆರಡು ಮಂದಿ ಬರುತ್ತಾರೆ. ಕೂಲಿಯ ಮೇಲೆ ದಿನಕ್ಕಿಷ್ಟು ತೆನೆಯನ್ನೂ ಕೇಳಿದ್ದಾರೆ, ಕೊಡುತ್ತೇನೆಂದು ಮಾತಾಗಿದೆ. ನಾಳೆ ಸೋಮವಾರ, ಬಸವಣ್ಣನ ವಾರ, ಎತ್ತು ಹೂಡುವಂತಿಲ್ಲ. ಮಂಗಳವಾರ ನಸುಕಿಗೆ ದಿಬ್ಬದ ಜೋಳಕ್ಕೆ ಕೈ ಹಚ್ಚುತ್ತಾರೆ, ತಗ್ಗಿನದು ಅಲ್ಲಿಯವರೆಗೆ ಕಟ್ ಎನ್ನುವ ಹದಕ್ಕೆ ಬರುತ್ತದೆ.

"ನೀ ಕುಡಗೋಲ ತಗೊಂಡು ಬಾ" ಎಂದರು ಕಾಕಾ ಮಗನಿಗೆ. "ಕುಲುಮ್ಯಾಗ ಎರಡು ಉಳದಾವು."